ಏಳು ತಲೆ ಹಾವು ಸಿಕ್ಕಿತಂತೆ: ನಂಬುವ ಮೊದಲು ನೋಡುವುದು ಹೇಗೆ?

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪನ ಮೆಸೇಜ್ ಬಂತು ಅಂದರೆ ಅದರಲ್ಲಿ ಗುಡ್ ಮಾರ್ನಿಂಗ್ ಹೂವು ಇರುವುದಿಲ್ಲ, ಯಾವುದಾದರೂ ಪ್ರಾಣಿ ಇರುತ್ತದೆ. ಕಳೆದ ಮಳೆಗಾಲದಲ್ಲಿ ಬಂದದ್ದು ಐದು ತಲೆಯ ಹಾವು. "ನಮ್ಮ ಕುಕ್ಕೆಯಲ್ಲಿ ಕಂಡದ್ದು, ಹನ್ನೊಂದು ಜನರಿಗೆ ಕಳಿಸಿ" ಅಂತ ಕೆಳಗೆ ಬರೆದಿತ್ತು. ಅದಕ್ಕೆ ಮೊದಲು ಜಟಾಯು, ಅದಕ್ಕೂ ಮೊದಲು ಮತ್ಸ್ಯಕನ್ಯೆ. ನಾನು ಮೊದಮೊದಲು "ಫೇಕ್" ಅಂತ ಒಂದೇ ಪದ ಬರೆದು ಬಿಡುತ್ತಿದ್ದೆ. ಅದರಿಂದ ಆದದ್ದು ಇಷ್ಟೇ: ದೊಡ್ಡಪ್ಪ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಪ್ರಾಣಿಗಳು ಮಾತ್ರ ತಪ್ಪದೆ ಬಂದವು.

ಆಮೇಲೆ ಯೋಚಿಸಿದೆ. ನಾನು ಕೂಡ ಏನನ್ನೂ ನೋಡದೆ "ಸುಳ್ಳು" ಅಂತಿದ್ದೆ, ಅವರು ಏನನ್ನೂ ನೋಡದೆ "ನಿಜ" ಅಂತಿದ್ದರು. ವ್ಯತ್ಯಾಸ ಏನು ಉಂಟು ಮಾರಾಯ್ರೆ? ಆವತ್ತಿನಿಂದ ಬಂದ ಪ್ರತಿಯೊಂದನ್ನೂ ನಿಜವಾಗಿ ನೋಡುವುದಕ್ಕೆ ಶುರು ಮಾಡಿದೆ. ಒಂದು ನೋಟ್ ಪುಸ್ತಕ ಇಟ್ಟೆ. ಮೂರು ಕಾಲಂ: ಹೌದು, ಅಲ್ಲ, ಗೊತ್ತಾಗಲಿಲ್ಲ. ಮೂರನೆಯದನ್ನು ಮರೆಯಬೇಡಿ, ಅದಿಲ್ಲದಿದ್ದರೆ ಮನಸ್ಸು ಗಡಿಬಿಡಿಯಲ್ಲಿ ಮೊದಲ ಎರಡರಲ್ಲಿ ಒಂದಕ್ಕೆ ಹೋಗಿ ಕೂತುಬಿಡುತ್ತದೆ. ನಾನು ಹೇಗೆ ನೋಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಮನೆಯಲ್ಲೂ ಒಬ್ಬರು ದೊಡ್ಡಪ್ಪ ಇದ್ದೇ ಇರುತ್ತಾರಲ್ಲ.

ಇದು ದೇವರ ಮಾತಾ, ಪ್ರಾಣಿಯ ಮಾತಾ?

ಮೊದಲು ಇದನ್ನು ಕೇಳಿಕೊಳ್ಳಿ. ನಮ್ಮ ಊರಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ಜಾಸ್ತಿ ಬೇಕಾಗುತ್ತದೆ. ಉಡುಪಿ, ಮಂಗಳೂರು ಕಡೆ ಹಳೆಯ ಮನೆ ಅಂದರೆ ಹಿತ್ತಲಿನ ಆಚೆ ಎಲ್ಲೋ ಒಂದು ನಾಗಬನ ಇರುತ್ತದೆ. ನಾಗರ ಪಂಚಮಿಗೆ ನಾನೂ ಹೋಗುತ್ತೇನೆ, ಹಾಲು, ಸಿಯಾಳ, ಅರಿಶಿನ, ಸಿಕ್ಕರೆ ಕೇದಗೆ ಹಿಡಿದುಕೊಂಡು. ಅಲ್ಲಿನ ಕಲ್ಲಿನಲ್ಲಿ ಐದು ಹೆಡೆಯ ನಾಗನೂ ಉಂಟು, ಏಳು ಹೆಡೆಯದ್ದೂ ಉಂಟು. ಅದನ್ನು ನೋಡಿ ಯಾರೂ "ಈ ಜಾತಿ ಹಾವು ಯಾವ ಕಾಡಲ್ಲಿ ಸಿಗುತ್ತದೆ?" ಅಂತ ಕೇಳುವುದಿಲ್ಲ. ಕೇಳಿದರೆ ಅಜ್ಜಿ ನಕ್ಕುಬಿಡುತ್ತಾರೆ. ಕೈಮುಗಿಯುವವರಿಗೆ ಫೋಟೋ ಬೇಕಾಗಿಲ್ಲ, ಯಾವತ್ತೂ ಬೇಕಾಗಿರಲಿಲ್ಲ.

ಆದರೆ "ಮೊನ್ನೆ ಮಂಗಳವಾರ ಇಂಥ ಊರಲ್ಲಿ, ಇಂಥ ಬಂಡೆಯ ಮೇಲೆ ಐದು ತಲೆಯ ಹಾವು ಸಿಕ್ಕಿತು" ಅನ್ನುವುದು ಬೇರೆಯೇ ಮಾತು. ಅದಕ್ಕೆ ಜಾಗ ಉಂಟು, ದಿನ ಉಂಟು, ಚರ್ಮ, ಎಲುಬು, ಹೊಟ್ಟೆ ಎಲ್ಲ ಇರಬೇಕಾಗುತ್ತದೆ. ಅದನ್ನು ನೋಡಬಹುದು, ಅಳೆಯಬಹುದು. ನಾನು ದೊಡ್ಡಪ್ಪನ ಹತ್ತಿರ ಮಾತು ಶುರು ಮಾಡುವುದೇ ಈಗ ಇಲ್ಲಿಂದ. "ದೊಡ್ಡಪ್ಪ, ನಾಗನ ವಿಷಯ ನಾನು ಮಾತಾಡುವುದಿಲ್ಲ, ಈ ಫೋಟೋದ ವಿಷಯ ಮಾತ್ರ ಮಾತಾಡುವ" ಅಂದರೆ ಅವರ ಮುಖ ಸಡಿಲ ಆಗುತ್ತದೆ. ಇಷ್ಟು ಮಾಡದೆ ಮುಂದೆ ಹೋದರೆ ನೀವು ಎಷ್ಟೇ ಪುರಾವೆ ಇಟ್ಟರೂ ಅದು ಅವರ ದೇವರ ಮೇಲೆ ಎಸೆದ ಕಲ್ಲಿನ ಹಾಗೆ ಕಾಣುತ್ತದೆ.

"ಅಂತೆ"ಗಳನ್ನು ಎಣಿಸಿ

ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಸೌಕರ್ಯ ಉಂಟು. ಕಣ್ಣಾರೆ ನೋಡಿದ್ದಾದರೆ "ಬಂತು", ಕೇಳಿದ್ದಾದರೆ "ಬಂತಂತೆ". ತುಳುವಿನಲ್ಲೂ ಹಾಗೆಯೇ, ಕೊನೆಗೆ ಒಂದು "ಗೆ" ಸೇರಿಸಿದರೆ ಜವಾಬ್ದಾರಿ ಬೇರೆಯವರದ್ದು. ವಾಟ್ಸಾಪಿಗೆ ಬರುವಾಗ ಈ "ಅಂತೆ" ಉದುರಿಹೋಗುತ್ತದೆ, ಅಷ್ಟೇ. ಅದನ್ನು ವಾಪಸ್ ಹಾಕುವುದು ನಿಮ್ಮ ಕೆಲಸ. ಯಾರು ಕಳಿಸಿದ್ದು? ಅವರಿಗೆ ಯಾರು? ಅವರು ನೋಡಿದ್ದಾರಾ, ಅಥವಾ ಅವರ ಬಾವನ ಆಫೀಸಿನವರು ನೋಡಿದ್ದಾ? ನಾನು ಒಮ್ಮೆ ಹೀಗೆ ಫೋನ್ ಮಾಡುತ್ತಾ ಹೋಗಿ ಏಳು ಜನ ದಾಟಿದೆ. ಏಳನೆಯವರು "ನನಗೆ ನಿಮ್ಮ ದೊಡ್ಡಪ್ಪನೇ ಕಳಿಸಿದ್ದು" ಅಂದರು.

ನೋಡಿದವರು ಒಬ್ಬರು ಸಿಕ್ಕಿದರೆ ಮಾತ್ರ ಕೂತು ಕೇಳಿ: ಎಷ್ಟು ಹೊತ್ತಿಗೆ, ಬೆಳಕು ಎಲ್ಲಿಂದ ಬರುತ್ತಿತ್ತು, ಎಷ್ಟು ದೂರ, ಎಷ್ಟು ಹೊತ್ತು ಕಂಡಿತು, ಹತ್ತಿರ ಅಳತೆ ಗೊತ್ತಿರುವ ವಸ್ತು ಏನಿತ್ತು. "ಬಾಲ ಇತ್ತಾ?" ಅಂತ ಕೇಳಬೇಡಿ, ಕೇಳಿದರೆ ಬಾಲ ಬೆಳೆಯುತ್ತದೆ. "ಆಮೇಲೆ?" ಅಂತ ಮಾತ್ರ ಕೇಳಿ.

ಫೋಟೋ ಇದ್ದರೆ

ವಿಡಿಯೋ ಆದರೆ ಪ್ರಾಣಿ ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಕೆಳಗೆ ಇರುವ ಅಕ್ಷರ, ಕೈಮುಗಿದ ಎಮೋಜಿ ಎಲ್ಲ ಕತ್ತರಿಸಿ, ಬರೀ ಪ್ರಾಣಿ ಉಳಿಯಲಿ. ಅದನ್ನು ಗೂಗಲ್ ಲೆನ್ಸಿಗೆ ಹಾಕಿ, ಅದೇ ಚಿತ್ರ ಇಂಟರ್ನೆಟ್ಟಲ್ಲಿ ಬೇರೆ ಎಲ್ಲಿ ಉಂಟು ಅಂತ ಅದು ಹುಡುಕಿ ಕೊಡುತ್ತದೆ. ಒಂದರಲ್ಲಿ ಸಿಗದಿದ್ದರೆ ಬೇರೆ ಎರಡು ಮೂರು ಫ್ರೇಮ್ ಹಾಕಿ ನೋಡಿ, ನೆಲ ಅಥವಾ ಬೆಟ್ಟ ಕಾಣುವ ಫ್ರೇಮ್ ಕೆಲವು ಸಲ ಪ್ರಾಣಿಗಿಂತ ಬೇಗ ಸಿಕ್ಕಿಬೀಳುತ್ತದೆ. ಬಂದ ಫಲಿತಾಂಶದಲ್ಲಿ ಮೊದಲನೆಯದನ್ನು ನೋಡಬೇಡಿ, ಎಲ್ಲಕ್ಕಿಂತ ಹಳೆಯದನ್ನು ಹುಡುಕಿ.

ಜಟಾಯು ಸಿಕ್ಕಿಬಿದ್ದದ್ದು ಹೀಗೆ. ಕೇರಳದಲ್ಲಿ ಜಟಾಯು ಕಾಣಿಸಿಕೊಂಡಿತು ಅಂತ ಓಡಾಡಿದ ಆ ವಿಡಿಯೋದಲ್ಲಿ ದೊಡ್ಡ ಕಪ್ಪು ಹಕ್ಕಿಯೊಂದು ಬೆಟ್ಟದ ತುದಿಯಲ್ಲಿ ಜನರ ನಡುವೆ ನಿಂತು, ರೆಕ್ಕೆ ಬಿಚ್ಚಿ, ಹಾರಿಹೋಗುತ್ತದೆ. ಹಕ್ಕಿ ನಿಜ, ವಿಡಿಯೋ ಕೂಡ ನಿಜ. ಆದರೆ ಅದು ಅರ್ಜೆಂಟೀನಾದ ಕಟಮಾರ್ಕಾದಲ್ಲಿ 2014ರಲ್ಲಿ ಚಿಕಿತ್ಸೆ ಮುಗಿಸಿ ಬಿಟ್ಟ ಆಂಡಿಯನ್ ಕಾಂಡೋರ್, ಸಯಾನಿ ಅಂತ ಹೆಸರು. ರೆಕ್ಕೆ ಬಿಚ್ಚಿದರೆ ಮೂರು ಮೀಟರ್ ದಾಟುವ ರಣಹದ್ದು ಅದು. ಇದನ್ನು ತೋರಿಸಿದಾಗ ದೊಡ್ಡಪ್ಪನಿಗೆ ಬೇಸರ ಆಗಲಿಲ್ಲ. "ಇಷ್ಟು ದೊಡ್ಡ ಹಕ್ಕಿ ನಿಜವಾಗಿ ಉಂಟಾ?" ಅಂತ ಇನ್ನೂ ಎರಡು ಸಲ ನೋಡಿದರು. ನನಗೆ ಇದು ದೊಡ್ಡ ಪಾಠ. ಬರೀ "ಅದಲ್ಲ" ಅಂದರೆ ಜನ ಕೇಳುವುದಿಲ್ಲ, "ಅದಲ್ಲ, ಇದು" ಅಂದರೆ ಕೇಳುತ್ತಾರೆ.

ಕುಕ್ಕೆಯ ಐದು ತಲೆ ಹಾವಿನ ಫೋಟೋ ಹಲವು ವರ್ಷಗಳಿಂದ ಸುತ್ತುತ್ತಾ ಇದೆ. ಅದಕ್ಕೆ ಲೆನ್ಸ್ ಕೂಡ ಬೇಡ, ಫೋಟೋವನ್ನು ದೊಡ್ಡದು ಮಾಡಿ ತಲೆಗಳನ್ನು ಒಂದೊಂದಾಗಿ ನೋಡಿದರೆ ಸಾಕು. ಐದು ತಲೆ ಅಂದರೆ ಐದು ಮುಖ, ಒಂದು ಸ್ವಲ್ಪ ಆಚೆ ನೋಡಬೇಕು, ಒಂದು ಈಚೆ. ಇಲ್ಲಿ ಒಂದೇ ತಲೆಯನ್ನು ಮತ್ತೆ ಮತ್ತೆ ಅಂಟಿಸಿದ್ದು. ಒಂದೇ ಓರೆ, ಬೆಳಕು ಬೀಳುವ ಜಾಗ ಕೂಡ ಒಂದೇ.

ಈಗ ಎಐ ವಿಡಿಯೋ ಬಂದ ಮೇಲೆ ಕೆಲಸ ಕಷ್ಟ ಆಗಿದೆ. ಹಳೆಯ ಮೂಲವೇ ಇರುವುದಿಲ್ಲ, ಲೆನ್ಸ್ ಕೈಚೆಲ್ಲುತ್ತದೆ. ಲೆನ್ಸಲ್ಲಿ ಸಿಗಲಿಲ್ಲ ಅಂದರೆ ನಿಜ ಅಂತ ಅರ್ಥ ಅಲ್ಲ. ಅದನ್ನು ಮೊದಲು ಹಾಕಿದ ಖಾತೆಗೆ ಹೋಗಿ ನೋಡಿ. ನಿನ್ನೆ ಮೂರು ಕಣ್ಣಿನ ಹಸು, ಇವತ್ತು ಏಳು ತಲೆ ಹಾವು, ನಾಳೆ ಕಡಲಿಂದ ಎದ್ದು ಬರುವ ರಾಕ್ಷಸ. ಒಬ್ಬನಿಗೇ ದಿನಾ ಇಷ್ಟೆಲ್ಲ ಸಿಗುತ್ತದಾದರೆ ಅವನು ಕಾಡಲ್ಲಿ ಇಲ್ಲ, ಕಂಪ್ಯೂಟರ್ ಮುಂದೆ ಇದ್ದಾನೆ.

ಪೊರೆ ಸಿಕ್ಕಿದರೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಹಿತ್ತಲಲ್ಲೇ ಆಗುತ್ತದೆ. 2019ರ ಅಕ್ಟೋಬರಿನಲ್ಲಿ ಕನಕಪುರದ ಹತ್ತಿರ ಒಂದು ಹಳ್ಳಿಯಲ್ಲಿ ಏಳು ತಲೆ ಹಾವಿನ ಪೊರೆ ಸಿಕ್ಕಿತು ಅಂತ ಜನ ಸಾಲುಗಟ್ಟಿದರು, ಅರಿಶಿನ ಕುಂಕುಮ ಹಾಕಿ ಪೂಜೆಯೂ ಆಯಿತು. ಆ ವಾರ ನಮ್ಮ ಮನೆಯಲ್ಲೂ ಅದೇ ಮಾತು. ಅದಾಗಿ ಸ್ವಲ್ಪ ದಿನಕ್ಕೆ ಕಟಪಾಡಿಯ ನಮ್ಮ ಮನೆಯ ಹಿಂದೆ, ತೆಂಗಿನ ಒಣ ಮಡಲು ರಾಶಿ ಹಾಕಿದ ಕಡೆ, ಅಮ್ಮ ಒಂದು ಪೊರೆ ಕಂಡು ಕೂಗಿದರು. "ಇದಕ್ಕೆ ಎರಡು ತಲೆ ಉಂಟು ಮಾರಾಯ!"

ಹೌದು, ಇದ್ದ ಹಾಗೇ ಕಾಣುತ್ತಿತ್ತು. ಒಂದು ತುದಿಯಲ್ಲಿ ಎರಡು ಕವಲು. ನಾನು ಕೋಲಿನಿಂದ ಎತ್ತಿ ಬಿಸಿಲಿಗೆ ತಂದೆ (ಹಾವು ಹತ್ತಿರದಲ್ಲೇ ಇರಬಹುದು, ಮಡಲಿನ ಒಳಗೆ ಕೈ ಹಾಕಬೇಡಿ). ಒಂದು ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ಬಿಟ್ಟೆ. ಒಣಗಿ ಮಡಚಿಕೊಂಡ ಪೊರೆ ನೀರಲ್ಲಿ ನಿಧಾನ ಮೆತ್ತಗಾಗುತ್ತದೆ, ಹಪ್ಪಳಕ್ಕೆ ನೀರು ಬಿದ್ದ ಹಾಗೆ. ಹತ್ತು ನಿಮಿಷದಲ್ಲಿ ಬಿಡಿಸಲು ಬಂತು. ಹಾವು ಪೊರೆ ಬಿಡುವುದು ತುಟಿಯ ಹತ್ತಿರದಿಂದ. ಅಲ್ಲಿ ಸೀಳಿ, ಕಲ್ಲಿಗೋ ಬೇರಿಗೋ ಉಜ್ಜಿ, ಕಾಲುಚೀಲ ತೆಗೆದ ಹಾಗೆ ಒಳಮೈ ಹೊರಗೆ ಮಾಡಿಕೊಂಡು ಹೊರಗೆ ಬರುತ್ತದೆ. ಹಾಗಾಗಿ ತಲೆಯ ಭಾಗ ಮೇಲಿನ ದವಡೆಯದ್ದು ಒಂದು, ಕೆಳಗಿನ ದವಡೆಯದ್ದು ಒಂದು ಅಂತ ಎರಡು ತುಂಡಾಗಿ ನಿಲ್ಲುತ್ತದೆ. ಅಮ್ಮನ ಎರಡು ತಲೆ ಅಂದರೆ ಅದು.

ಖಾತ್ರಿ ಮಾಡುವುದು ಕಣ್ಣಿನಿಂದ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಒಂದು ಪಾರದರ್ಶಕ ಪೊರೆ ಇರುತ್ತದೆ, ಅದೂ ಉಳಿದ ಚರ್ಮದ ಜೊತೆಗೇ ಕಳಚುತ್ತದೆ. ಬಿಡಿಸಿದ ಪೊರೆಯಲ್ಲಿ ಸಣ್ಣ ವಾಚಿನ ಗಾಜಿನ ಹಾಗೆ ಎರಡು ಗುಂಡು ಕಾಣಬೇಕು. ಒಂದು ತಲೆಗೆ ಎರಡು. ಏಳು ತಲೆ ಅಂದರೆ ಹದಿನಾಲ್ಕು ಬೇಕು. ನಮ್ಮದರಲ್ಲಿ ಎರಡೇ ಇದ್ದವು. ಇನ್ನೊಂದು, ಪೊರೆ ಕಳಚುವಾಗ ಹಿಗ್ಗುತ್ತದೆ, ಹಾಗಾಗಿ ಅದನ್ನು ಅಳೆದು "ಎಂಟು ಅಡಿ ಹಾವು" ಅನ್ನಬೇಡಿ, ಹಾವು ಅದಕ್ಕಿಂತ ಗಿಡ್ಡ ಇರುತ್ತದೆ.

ಎರಡು ತಲೆಯ ಹಾವು ಹುಟ್ಟುವುದೇ ಇಲ್ಲ ಅಂತ ಹೇಳಿಬಿಡಬೇಡಿ ಮತ್ತೆ. ಭ್ರೂಣ ಅವಳಿಯಾಗಿ ಒಡೆಯುವುದು ಅರ್ಧಕ್ಕೆ ನಿಂತರೆ ಹಾಗೆ ಹುಟ್ಟುತ್ತವೆ, ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿವೆ. ಎರಡು ತಲೆ ಎರಡು ದಿಕ್ಕಿಗೆ ಎಳೆದರೆ ಬೇಟೆ ಹೇಗೆ ಆಗುತ್ತದೆ, ಪಾಪ, ಕಾಡಿನಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಇನ್ನು ಮಾರ್ಕೆಟ್ಟಲ್ಲಿ ಲಕ್ಷಗಟ್ಟಲೆ ಬೆಲೆ ಹೇಳುವ "ಎರಡು ತಲೆ ಹಾವು" ಬರೀ ಮಣ್ಣುಮುಕ್ಕ. ಅದರ ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಅದನ್ನು ಹಿಡಿಯುವುದೂ ಮಾರುವುದೂ ವನ್ಯಜೀವಿ ಕಾಯಿದೆಯಲ್ಲಿ ಅಪರಾಧ. ನಾಗಮಣಿ ತೋರಿಸುವವರು ಸಿಕ್ಕಿದರೆ ಪರ್ಸ್ ಇರುವ ಕಿಸೆಯ ಮೇಲೆ ಕೈ ಇಟ್ಟುಕೊಳ್ಳಿ.

ತೊರಕೆಯನ್ನು ಮಗುಚಿ ನೋಡಿ

ಮತ್ಸ್ಯಕನ್ಯೆಯ ಫೋಟೋ ಬಂದಾಗ ನಾನು ಮಾಡಿದ್ದು ಬಹಳ ಸುಲಭ. ಭಾನುವಾರ ಬೆಳಿಗ್ಗೆ ದೊಡ್ಡಪ್ಪನನ್ನು ಸ್ಕೂಟರಲ್ಲಿ ಕೂರಿಸಿ ಮಲ್ಪೆ ಬಂದರಿಗೆ ಕರೆದುಕೊಂಡು ಹೋದೆ. ಅಲ್ಲಿ ಮೀನು ಹರಾಜಾಗುವ ಕಡೆ ತೊರಕೆ (ಚಪ್ಪಟೆ ಮೈಯ, ಉದ್ದ ಬಾಲದ ಮೀನು) ಯಾವಾಗಲೂ ಇರುತ್ತದೆ. ಒಂದು ಸಣ್ಣ ತೊರಕೆ ಕೊಂಡು ಮಗುಚಿದೆ. ನೀವೂ ಮಾಡಿ ನೋಡಿ, ಸಾರಿಗೆ ಹಾಕುವ ಮೊದಲು. ಅಡಿಯ ಬಿಳಿ ಹೊಟ್ಟೆಯಲ್ಲಿ ಎರಡು ಕಣ್ಣು, ಕೆಳಗೆ ಬಾಯಿ, ಸ್ವಲ್ಪ ದುಃಖದಲ್ಲಿರುವ ಮನುಷ್ಯನ ಮುಖ! ಆದರೆ ಅದು ಕಣ್ಣಲ್ಲ, ಮೂಗಿನ ಹೊಳ್ಳೆ. ನಿಜವಾದ ಕಣ್ಣು ಮೇಲ್ಗಡೆ ಉಂಟು.

ಇಂಥ ಮೀನಿನ ರೆಕ್ಕೆಗಳನ್ನು ಅಲ್ಲಲ್ಲಿ ಕತ್ತರಿಸಿ, ಕುತ್ತಿಗೆಯ ಕಡೆ ದಾರ ಬಿಗಿದು ಒಣಗಿಸಿದರೆ ಮೋರೆ ಸುಕ್ಕಾಗಿ, ರೆಕ್ಕೆ ಸೊಟ್ಟಗಾಗಿ, ರಾಕ್ಷಸನ ಮರಿ ತಯಾರು. ಯುರೋಪಿನ ನಾವಿಕರು ಇದನ್ನು ಮಾಡಿ ಮಾರುತ್ತಿದ್ದರು, ಜೆನ್ನಿ ಹ್ಯಾನಿವರ್ ಅಂತ ಅದಕ್ಕೆ ಹೆಸರು. ಸ್ವಿಸ್ ಪಂಡಿತ ಕೊನ್ರಾಡ್ ಗೆಸ್ನರ್ 1558ರಲ್ಲೇ "ಇವು ತಿದ್ದಿದ ತೊರಕೆಗಳು, ಮೋಸ ಹೋಗಬೇಡಿ" ಅನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ನಾಲ್ಕೂವರೆ ಶತಮಾನ ಆದ ಮೇಲೂ ಅದೇ ಸರಕು ಫಾರ್ವರ್ಡ್ ಆಗುತ್ತಾ ಇದೆ. ಹತ್ತಿರ ನಿಂತಿದ್ದ ಮೀನು ಮಾರುವ ಅಕ್ಕ ನಮ್ಮ ಮಾತು ಕೇಳಿ, "ಕನ್ಯೆ ಅಂತೆ! ಕೆಜಿಗೆ ಎಷ್ಟು ಕೊಡ್ತಾರೆ ಅದಕ್ಕೆ?" ಅಂತ ಕೇಳಿದರು.

ಕೊಳೆತ ಹೆಣದ ವಿಷಯದಲ್ಲೂ ಇದೇ ಎಚ್ಚರ ಬೇಕು. 1977ರ ಏಪ್ರಿಲಿನಲ್ಲಿ ನ್ಯೂಜಿಲೆಂಡ್ ಹತ್ತಿರ ಜುಯಿಯೋ ಮಾರು ಅನ್ನುವ ಜಪಾನಿ ಟ್ರಾಲರಿನ ಬಲೆಗೆ ಹತ್ತು ಮೀಟರ್ ಉದ್ದದ ಹೆಣ ಬಿತ್ತು. ಸಣ್ಣ ತಲೆ, ಉದ್ದ ಕುತ್ತಿಗೆ, ನಾಲ್ಕು ರೆಕ್ಕೆ. ನೋಡಿದವರಿಗೆಲ್ಲ ಡೈನೋಸಾರ್ ಕಾಲದ ಕಡಲ ಸರೀಸೃಪ ಪ್ಲೀಸಿಯೋಸಾರ್ ನೆನಪಾಯಿತು. ಹಿಡಿದ ಮೀನು ಹಾಳಾಗುತ್ತದೆ ಅಂತ ಹೆಣವನ್ನು ವಾಪಸ್ ಕಡಲಿಗೆ ಎಸೆದರು (ನಮ್ಮ ಬೋಟಿನವರೂ ಅದನ್ನೇ ಮಾಡುತ್ತಿದ್ದರು ಬಿಡಿ), ಆದರೆ ಅದಕ್ಕೆ ಮೊದಲು ಫೋಟೋ ತೆಗೆದು, ರೆಕ್ಕೆಯಿಂದ ಸ್ವಲ್ಪ ನಾರು ಕಿತ್ತು ಇಟ್ಟುಕೊಂಡಿದ್ದರು. ಆ ನಾರನ್ನು ಪರೀಕ್ಷೆ ಮಾಡಿದಾಗ ಬಾಸ್ಕಿಂಗ್ ಶಾರ್ಕಿನ ನಾರಿಗೆ ಹೊಂದಿತು. ಈ ಶಾರ್ಕ್ ಕೊಳೆಯುವಾಗ ದವಡೆ, ಕಿವಿರು ಮೊದಲು ಕಳಚಿ ಬೀಳುತ್ತದೆ, ಉಳಿಯುವುದು ಸಣ್ಣ ಬುರುಡೆ, ತೆಳು ಕುತ್ತಿಗೆ. ಒಂದು ಹಿಡಿ ನಾರು ಇಲ್ಲದಿದ್ದರೆ ಇವತ್ತಿಗೂ ಜಗಳ ಮುಗಿಯುತ್ತಿರಲಿಲ್ಲ.

ನಿಮ್ಮ ಕಣ್ಣನ್ನೂ ವಿಚಾರಿಸಿ

ಈಗ ನನ್ನದೇ ಕಥೆ. ಬಾರ್ಕೂರಿನ ಹತ್ತಿರ ಸೀತಾ ನದಿಯ ದಂಡೆಯಲ್ಲಿ ಸ್ನೇಹಿತನ ಮನೆ ಉಂಟು. ಒಂದು ಡಿಸೆಂಬರ್ ಬೆಳಿಗ್ಗೆ, ನೀರಿನ ಮೇಲೆ ಮಂಜು ಇರುವಾಗ, ಚಾ ಲೋಟ ಹಿಡಿದುಕೊಂಡು ನಿಂತಿದ್ದೆ. ನದಿಯ ಮಧ್ಯ ಕಪ್ಪಗೆ ಐದು ಗೂನು ಎದ್ದವು, ಒಂದರ ಹಿಂದೆ ಒಂದು, ಸಾಲಾಗಿ. ಮುಂದಿನದು ಮುಳುಗಿದಾಗ ಹಿಂದಿನದು ಏಳುತ್ತದೆ, ಅಲೆ ಅಲೆಯಾಗಿ. ಕಡಿಮೆ ಅಂದರೂ ಹದಿನೈದು ಅಡಿ ಉದ್ದದ ಒಂದು ಜೀವ. ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಫೋನ್ ಒಳಗೆ ಚಾರ್ಜಿಗೆ ಇಟ್ಟಿದ್ದೆ. ಯಾವಾಗಲೂ ಹಾಗೆಯೇ ಅಲ್ವಾ?

ಆಮೇಲೆ ಮೊದಲನೆಯ ಗೂನು ಬಂಡೆಯ ಮೇಲೆ ಹತ್ತಿತು. ಬಾಯಲ್ಲಿ ಮೀನು. ಮೈ ಕೊಡವಿತು. ನೀರುನಾಯಿ! ಹಿಂದಿನಿಂದ ಉಳಿದ ನಾಲ್ಕು ಒಂದೊಂದಾಗಿ ಹತ್ತಿ ಮೀನಿಗೆ ಜಗಳ ಶುರು ಮಾಡಿದವು.

ನಾನು ಸುಳ್ಳು ಹೇಳುತ್ತಿರಲಿಲ್ಲ, ಕುಡಿದಿರಲಿಲ್ಲ, ಹಗಲು ಹೊತ್ತು. ಕಣ್ಣಿಗೆ ಬಿದ್ದದ್ದು ಐದು ಗೂನು, ನಡುವಿನ ಮೈಯನ್ನು ತುಂಬಿಸಿದ್ದು ನನ್ನ ತಲೆ. ಆ ಹೊತ್ತಿಗೆ ಒಂದು ದೋಣಿ ಬಂದು ಅವು ಮುಳುಗಿ ಹೋಗಿದ್ದರೆ ನಾನು ಇವತ್ತು ಸೀತಾ ನದಿಯ ಸರ್ಪದ ಕಥೆ ಹೇಳುತ್ತಾ ತಿರುಗುತ್ತಿದ್ದೆ, ಯಾರಾದರೂ "ಫೇಕ್" ಅಂದರೆ ಸಿಟ್ಟೂ ಬರುತ್ತಿತ್ತು. ಹಾಗಾಗಿ ನೋಡಿದೆ ಅನ್ನುವವರನ್ನು ಸುಳ್ಳರು ಅಂತ ನಾನು ಕರೆಯುವುದಿಲ್ಲ. ಕಂಡದ್ದು ಎಷ್ಟು, ಸೇರಿಸಿದ್ದು ಎಷ್ಟು ಅಂತ ಬೇರೆ ಮಾಡುತ್ತೇನೆ.

ಅಳತೆಯ ವಿಷಯಕ್ಕೆ ಒಂದು ಪರೀಕ್ಷೆ ಉಂಟು. ಮನೆಯವರನ್ನು ಕಾಪು ಬೀಚಿಗೆ ಕರೆದುಕೊಂಡು ಹೋಗಿ, ದೀಪಸ್ತಂಭ ಎಷ್ಟು ಎತ್ತರ ಅಂತ ಪ್ರತಿಯೊಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬರೆಯಲಿ. 1901ರಲ್ಲಿ ಕಟ್ಟಿದ ಅದರ ಎತ್ತರ ಸುಮಾರು 27 ಮೀಟರ್, ಅಂದರೆ 90 ಅಡಿಗೆ ಹತ್ತಿರ. ನಮ್ಮ ಮನೆಯ ಚೀಟಿಗಳಲ್ಲಿ 40 ಅಡಿಯೂ ಇತ್ತು, 200 ಅಡಿಯೂ ಇತ್ತು. ಅಲ್ಲಾಡದೆ ಹಗಲಲ್ಲಿ ನಿಂತ ಗೋಪುರಕ್ಕೇ ಇಷ್ಟು, ರಾತ್ರಿ ನೀರಲ್ಲಿ ಎರಡು ಸೆಕೆಂಡ್ ಕಂಡದ್ದಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. ಟಾರ್ಚಿಗೆ ಹೊಳೆಯುವ ಕಣ್ಣು ಕೂಡ ಹಾಗೆಯೇ. ಬೆಕ್ಕು, ಪುನುಗು, ಚಿರತೆ ಎಲ್ಲದರ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಪದರ ಇರುತ್ತದೆ, ಕತ್ತಲಲ್ಲಿ ಎರಡು ಚುಕ್ಕೆ ಮಾತ್ರ ಕಂಡರೆ ದೂರ ಗೊತ್ತಾಗುವುದಿಲ್ಲ, ದೂರ ಗೊತ್ತಾಗದಿದ್ದರೆ ಗಾತ್ರವೂ ಗೊತ್ತಾಗುವುದಿಲ್ಲ. ಹಿಮದ ಹೆಜ್ಜೆ ಇನ್ನೂ ಮೋಸ. 2019ರಲ್ಲಿ ನಮ್ಮ ಸೇನೆ ನೇಪಾಳದ ಮಕಾಲು ಬೇಸ್ ಕ್ಯಾಂಪ್ ಹತ್ತಿರದ 32 ಇಂಚು ಉದ್ದ, 15 ಇಂಚು ಅಗಲದ ಹೆಜ್ಜೆಯ ಫೋಟೋ ಹಾಕಿ ಯೇತಿ (ಹಿಮಾಲಯದ ಹಿಮಮಾನವ) ಅಂದಿತ್ತಲ್ಲ, ನೆನಪಿದೆಯಾ? ಬಿಸಿಲಿಗೆ ಹಿಮ ಕರಗಿದರೆ ಸಣ್ಣ ಹೆಜ್ಜೆಯೂ ದೊಡ್ಡದಾಗುತ್ತದೆ.

ಇದ್ದರೆ ಏನು ಉಳಿಯಬೇಕು?

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ ಇದು. ಒಂದು ಪ್ರಾಣಿ ಇದೆ ಅಂದರೆ ಅದು ತಿನ್ನಬೇಕು, ಹೇಲಬೇಕು, ಮರಿ ಹಾಕಬೇಕು, ಸಾಯಬೇಕು. ನೂರಾರು ವರ್ಷದಿಂದ ಕಾಣಿಸುತ್ತಿದೆ ಅಂದರೆ ಅದು ಒಂದೇ ಆಗಿರಲು ಸಾಧ್ಯ ಇಲ್ಲ, ಒಂದು ಸಂಸಾರವೇ ಬೇಕು. ಹಾಗಾದರೆ ಎಲುಬು ಎಲ್ಲಿ?

ಸ್ಕಾಟ್ಲೆಂಡಿನ ಲೋಕ್ ನೆಸ್ ಸರೋವರವನ್ನೇ ನೋಡಿ, ಅದರಲ್ಲಿ ನೆಸ್ಸಿ ಅನ್ನುವ ದೈತ್ಯ ಪ್ರಾಣಿ ಉಂಟಂತೆ. ಉದ್ದ ಕುತ್ತಿಗೆಯ ಆ ಪ್ರಸಿದ್ಧ ಫೋಟೋ 1934ರಲ್ಲಿ ಡೈಲಿ ಮೇಲ್ ಪತ್ರಿಕೆಯಲ್ಲಿ ಬಂದದ್ದು. ಒಬ್ಬ ಡಾಕ್ಟರ್ ತೆಗೆದದ್ದು ಅಂತ ಜನ ನಂಬಿದರು. ಅರವತ್ತು ವರ್ಷ ಆದ ಮೇಲೆ, 1994ರಲ್ಲಿ, ಅದು ಆಟಿಕೆಯ ಸಬ್‌ಮೆರಿನಿಗೆ ಅಂಟಿಸಿದ ತಲೆ ಅಂತ ಹೊರಗೆ ಬಂತು. ಆದರೆ ಫೋಟೋ ಸುಳ್ಳಾದರೆ ಪ್ರಾಣಿ ಸುಳ್ಳು ಅಂತ ಆಗುವುದಿಲ್ಲ, ಒಂದು ಪುರಾವೆ ಕಡಿಮೆ ಆಯಿತು ಅಷ್ಟೇ. ಅದಕ್ಕೇ 2018ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀಲ್ ಗೆಮೆಲ್ ತಂಡದವರು ಸರೋವರದ ಬೇರೆ ಬೇರೆ ಜಾಗ, ಬೇರೆ ಬೇರೆ ಆಳದಿಂದ ಸುಮಾರು 250 ನೀರಿನ ಮಾದರಿ ತೆಗೆದರು. ಮೀನೋ ಹಾವೋ, ನೀರಲ್ಲಿ ಇದ್ದ ಮೇಲೆ ಚರ್ಮದ ಚೂರು, ಲೋಳೆ, ಹೊಲಸು ಬಿಟ್ಟೇ ಬಿಡುತ್ತದೆ, ಅದರಲ್ಲಿ ಡಿಎನ್‌ಎ ಇರುತ್ತದೆ. ಸರೀಸೃಪದ ಡಿಎನ್‌ಎ ಒಂದೂ ಸಿಗಲಿಲ್ಲ. ಹಾವುಮೀನಿನದ್ದು ಎಲ್ಲ ಕಡೆ ರಾಶಿ ಸಿಕ್ಕಿತು. ಯೇತಿಯದ್ದೂ ಇದೇ ದಾರಿ. 2017ರಲ್ಲಿ ವಿಜ್ಞಾನಿ ಷಾರ್ಲೆಟ್ ಲಿಂಡ್‌ಕ್ವಿಸ್ಟ್ ತಂಡ ಯೇತಿಯದ್ದು ಅಂತ ಮಠ, ಮ್ಯೂಸಿಯಂಗಳಲ್ಲಿ ಇಟ್ಟಿದ್ದ ಎಲುಬು, ಕೂದಲು, ಚರ್ಮ ಹೀಗೆ ಒಂಬತ್ತು ಮಾದರಿ ಪರೀಕ್ಷೆ ಮಾಡಿತು. ಎಂಟು ಕರಡಿ, ಒಂದು ನಾಯಿ.

ಹುಡುಕಿ ಸಿಗಲಿಲ್ಲ ಅನ್ನುವುದಕ್ಕೆ ಎಷ್ಟು ಬೆಲೆ ಅಂದರೆ, ಹೇಗೆ ಹುಡುಕಿದಿರಿ ಅನ್ನುವಷ್ಟು. ಕೀ ಕಳೆದಾಗ ಬಾಗಿಲಲ್ಲಿ ನಿಂತು "ಇಲ್ಲ" ಅನ್ನುವುದು ಬೇರೆ, ಹಾಸಿಗೆ ಎತ್ತಿ ಕೊಡವಿ "ಇಲ್ಲ" ಅನ್ನುವುದು ಬೇರೆ.

ಸಂಶಯ ಕೂಡ ಎಡವುತ್ತದೆ

ಇಷ್ಟೆಲ್ಲ ಓದಿ ಎಲ್ಲದಕ್ಕೂ "ಇಲ್ಲ" ಅನ್ನುವ ಚಟ ಹಿಡಿದರೆ ಅದೂ ಸೋಮಾರಿತನವೇ. ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಸೀಟಿನವನಿಗೆ, ಕಾರ್ಕಳದ ಅಜ್ಜನ ಮನೆ ತೋಟದಲ್ಲಿ ಹಾರುವ ಓತಿ ಉಂಟು ಅಂದೆ. ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲಿ ಹೋಗುತ್ತದೆ, ಪಕ್ಕೆಲುಬು ಚಾಚಿ ಚರ್ಮವನ್ನು ಕೊಡೆಯ ಹಾಗೆ ಬಿಚ್ಚುತ್ತದೆ, ಗಂಡಿನ ಗಂಟಲಲ್ಲಿ ಹಳದಿ ಪದರ ಒಂದು ಹೊರಗೆ ಒಳಗೆ ಆಗುತ್ತಿರುತ್ತದೆ. ಅವನು ನಕ್ಕು, "ಗುರು, ಮಂಗಳೂರಲ್ಲಿ ಡ್ರ್ಯಾಗನ್ ಕೂಡ ಇದೆಯಾ?" ಅಂದ. ಮಜಾ ಏನೆಂದರೆ ಅದರ ವೈಜ್ಞಾನಿಕ ಹೆಸರೇ ಡ್ರಾಕೋ, ಅಂದರೆ ಲ್ಯಾಟಿನ್ನಲ್ಲಿ ಡ್ರ್ಯಾಗನ್. ರಜೆಯಲ್ಲಿ ಹೋಗಿ ವಿಡಿಯೋ ಮಾಡಿ ತಂದು ತೋರಿಸಿದೆ.

ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ 1799ರಲ್ಲಿ ಆಸ್ಟ್ರೇಲಿಯಾದ ಪ್ರಾಣಿ ಪ್ಲ್ಯಾಟಿಪಸ್ಸಿನ ಒಣ ಚರ್ಮ ನೋಡಿದಾಗ, ಯಾರೋ ಬಾತಿನ ಕೊಕ್ಕನ್ನು ಪ್ರಾಣಿಗೆ ಸೇರಿಸಿ ಮೋಸ ಮಾಡಿದ್ದಾರಾ ಅಂತ ಸಂಶಯ ಪಟ್ಟ. ಸಂಶಯ ತಪ್ಪಲ್ಲ. ಅವನು ಎಸೆಯಲಿಲ್ಲ, ಕೂತು ಪರೀಕ್ಷಿಸಿದ. ಸೀಲಕಾಂತ್ ಮೀನು 6.6 ಕೋಟಿ ವರ್ಷ ಹಿಂದೆಯೇ ಅಳಿದುಹೋಯಿತು ಅಂತ ಎಲ್ಲರೂ ಬರೆದಿಟ್ಟಿದ್ದರು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿನಲ್ಲಿ, ಮ್ಯೂಸಿಯಂನ ಮಾರ್ಜರಿ ಕೋರ್ಟ್ನೆ-ಲ್ಯಾಟಿಮರ್ ಟ್ರಾಲರ್ ತಂದ ಮೀನಿನ ರಾಶಿಯ ನಡುವೆ ಅದನ್ನು ಕಂಡಳು. "ಸೀಲಕಾಂತ್ ಸಿಕ್ಕಿದ ಮೇಲೆ ನೆಸ್ಸಿ ಯಾಕೆ ಸಿಗಬಾರದು?" ಅಂತ ಯಾರಾದರೂ ವಾದ ಮಾಡಿದರೆ ನಾನು ಹೇಳುವುದು ಒಂದೇ: ಸೀಲಕಾಂತ್ ಬಂದದ್ದು ವಾದದಿಂದ ಅಲ್ಲ, ಮೀನಿನ ರಾಶಿಯಿಂದ. ನೆಸ್ಸಿಯೂ ಹಾಗೆ ಬರಲಿ, ನಾನೇ ಮೊದಲು ಸ್ಟೇಟಸ್ ಹಾಕುತ್ತೇನೆ.

ನಿಮಗೇ ಏನಾದರೂ ಸಿಕ್ಕಿದರೆ

ಮುಟ್ಟಬೇಡಿ, ತೊಳೆಯಬೇಡಿ, ಲೈವ್ ಹೋಗಬೇಡಿ. ಜನ ಸೇರಿದರೆ ಜೀವಂತ ಪ್ರಾಣಿಯಾದರೆ ಸಾಯುತ್ತದೆ, ಹೆಜ್ಜೆಯಾದರೆ ಅಳಿಸಿ ಹೋಗುತ್ತದೆ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ, ನಾಣ್ಯದ ಅಗಲ 27 ಮಿಲಿಮೀಟರ್, ಆಮೇಲೆ ಅಳತೆ ಅದರಿಂದ ತೆಗೆಯಬಹುದು. ಹತ್ತಿರದ್ದು ಒಂದು, ಸುತ್ತಲಿನ ಜಾಗ ಕಾಣುವ ಹಾಗೆ ಒಂದು. ಹೊತ್ತು, ಜಾಗ ಅಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆಯುವ ಅಂದರೆ ದಾರಿಯಲ್ಲೇ ಎರಡು ಅಡಿ ಬೆಳೆದಿರುತ್ತದೆ. ಕಾಡುಪ್ರಾಣಿ ಅನಿಸಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಕಡಲಿನದ್ದಾದರೆ ಮಂಗಳೂರಿನ ಯೆಕ್ಕೂರಲ್ಲಿ ಮೀನುಗಾರಿಕಾ ಕಾಲೇಜು ಉಂಟು, 1969ರಿಂದ ಅಲ್ಲಿ ಮೀನನ್ನೇ ಓದುತ್ತಿದ್ದಾರೆ. ಅದಕ್ಕೂ ಮೊದಲು ಬಂದರಿನಲ್ಲಿ ಬಲೆ ಹೊಲಿಯುತ್ತಾ ಕೂತಿರುವ ಹಿರಿಯ ಮೊಗವೀರರೊಬ್ಬರಿಗೆ ತೋರಿಸಿ. ಸೀಲಕಾಂತ್ ವಿಜ್ಞಾನಿಗಳಿಗೆ ಹೊಸತಾಗಿತ್ತು, ಕೊಮೊರೋಸ್ ದ್ವೀಪದ ಮೀನುಗಾರರಿಗೆ ಮೊದಲೇ ಗೊತ್ತಿತ್ತು, ಗೊಂಬೆಸ್ಸಾ ಅಂತ ಕರೆಯುತ್ತಿದ್ದರು.

ಕಳೆದ ವಾರ ಮತ್ತೆ ಬೆಳಿಗ್ಗೆ ಆರೂವರೆಗೆ ಫೋನ್ ಕುಯ್ ಅಂತು. ದೊಡ್ಡಪ್ಪ. ಮರಳಿನ ಮೇಲೆ ಬಿದ್ದಿರುವ ಏನೋ ಒಂದು, ಬೂದು ಬಣ್ಣ, ಒಂದು ಕಡೆ ಹಲ್ಲಿನ ಹಾಗೆ ಸಾಲು. ಈ ಸಲ "ಹನ್ನೊಂದು ಜನರಿಗೆ ಕಳಿಸಿ" ಇರಲಿಲ್ಲ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇತ್ತು. ಕೆಳಗೆ ಬರೆದಿದ್ದರು: "ಪಡುಕೆರೆ, 6:10. ನಾನೇ ನೋಡಿದ್ದು. ತೊರಕೆ ಅಲ್ಲ, ಮಗುಚಿ ನೋಡಿದೆ."

ಮುಟ್ಟಬೇಡಿ ಅಂತ ಹೇಳಿದ್ದೆ. ಇರಲಿ. ಲೆನ್ಸಲ್ಲಿ ಸಿಗಲಿಲ್ಲ, ಮಲ್ಪೆಯ ಇಬ್ಬರು ನೋಡಿ ಎರಡು ಬೇರೆ ಬೇರೆ ಹೆಸರು ಹೇಳಿದರು. ಸದ್ಯಕ್ಕೆ ಮೂರನೇ ಕಾಲಂನಲ್ಲಿ ಬರೆದಿದ್ದೇನೆ, ಸೋಮವಾರ ಯೆಕ್ಕೂರಿಗೆ ಹೋಗುವಾಗ ದೊಡ್ಡಪ್ಪನೂ ಬರುತ್ತಾರಂತೆ.